ಎಡೆಗಿಟ್ಟ ಇಂಗ್ಲಿಷ್ ಹಾಡು

ಮಾವನ ವರ್ಷದ ಕಾರ್ಯ ಮುಗಿದ ಮರುದಿನವೇ ವಸಂತಮ್ಮ ಬೀರುವಿನ ಮೇಲಿನಿಂದ ಟೇಪ್‌ರೆಕಾರ್ಡರ್ ಇಳಿಸಿದಳು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಾಡು ಕೂಡದು ಎಂದು ಅತ್ತೆ ರಂಗಮ್ಮ ಅದಕ್ಕೆ ಹಳೆ ಸೀರೆಯ ತುಂಡು ಸುತ್ತಿ ಮೇಲೆ ಹಾಕಿಸಿದ್ದರು. ವಸಂತಮ್ಮ ಆಗ ತುಟಿ ಪಿಟಕ್ಕೆನ್ನದೆ ಒಪ್ಪಿದ್ದಳು. ಒಪ್ಪಿದ್ದು ಒಂದು ವರ್ಷಕ್ಕೆ. ವರ್ಷ ಮುಗಿಯಿತು.

ಮಧ್ಯಾಹ್ನದ ಪಾತ್ರೆ ತೊಳೆದು, ಕಡುಬಿಗೆ ಅಕ್ಕಿ ನೆನೆಹಾಕಿ, ಟೇಪನ್ನು ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲಿಟ್ಟು ಗುಂಡಿ ಒತ್ತಿದಳು. ಒಬ್ಬ ಹೆಂಗಸಿನ ದನಿ, ಅದರ ಹಿಂದೆ ಒಂದು ಗಿಟಾರು, ಅಷ್ಟೇ. ಹಾಡು ಇಂಗ್ಲಿಷಿನದು.

ಜಗಲಿಯಲ್ಲಿ ಗಂಬೂಟು ಹಾಕಿಕೊಳ್ಳುತ್ತಿದ್ದ ಗಂಡ ರಂಗನಾಥ ಒಂದೇ ಕಾಲಿನ ಬೂಟಿನಲ್ಲಿ ಒಳಗೆ ಬಂದ.

“ಇದನ್ನ ಯಾರು ತೆಗೆದಿದ್ದು?”

“ನಾನು.”

“ಎಂತಕ್ಕೆ?”

“ಕೇಳೋಕೆ.”

“ನಿಂಗೆ ಅರ್ಥ ಆಗುತ್ತಾ ಅದು?”

ಇದು ಹಳೆಯ ಚುಚ್ಚು. ವಸಂತಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದವಳು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಆ ಮನೆಯಲ್ಲಿ ಯಾರೂ ಅದನ್ನು ಮರೆತಿರಲಿಲ್ಲ. ಔಷಧಿ ಬಾಟಲಿಯ ಚೀಟಿ ಓದಬೇಕಾದಾಗಲೆಲ್ಲ ಯಾರಾದರೊಬ್ಬರು ನೆನಪಿಸಿ ನಗುತ್ತಿದ್ದರು. ನಗದೆ ಇದ್ದವರು ಮಾವ ಒಬ್ಬರೇ.

“ಆಗುವಷ್ಟು ಆಗುತ್ತೆ. ಬೂಟು ಹಾಕ್ಕೊಂಡು ಅಡಿಗೆಮನೆಗೆ ಬರ್ಬೇಡಿ, ಈಗಷ್ಟೇ ಒರೆಸಿದೀನಿ” ಎಂದಳು ವಸಂತಮ್ಮ.

ಮಾವ ಬೊಮ್ಮಯ್ಯನವರು ಹರೆಯದಲ್ಲಿ ಮೂಡಿಗೆರೆ ಕಡೆಯ ಒಂದು ಕಂಪನಿ ಎಸ್ಟೇಟಿನಲ್ಲಿ ರೈಟರಾಗಿದ್ದವರು. ಆಳುಗಳ ಹಾಜರಿ ಬರೆಯುವ ಕೆಲಸ. ಆಫೀಸಿನ ಪಕ್ಕದಲ್ಲೇ ಇಂಗ್ಲಿಷ್ ದೊರೆಯ ಬಂಗಲೆ. ಸಂಜೆ ದೊರೆಸಾನಿ ಹಾಕುತ್ತಿದ್ದ ಗ್ರಾಮಾಫೋನಿನ ಹಾಡು ಕಿಟಕಿ ದಾಟಿ ಇವರ ಕಿವಿಗೆ ಬೀಳುತ್ತಿತ್ತು. ಬೇರೆ ರೈಟರುಗಳು ದೊರೆಗಳಿಂದ ಬ್ರಾಂದಿ ಕಲಿತರೆ ಬೊಮ್ಮಯ್ಯನವರು ಹಾಡು ಕಲಿತರು. ಮುಂದೆ ಆಲ್ದೂರಿನ ಹತ್ತಿರ ಸ್ವಂತ ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಜವಾಬ್ದಾರಿಯೆಲ್ಲ ಇಳಿದ ಮೇಲೆ ಚಿಕ್ಕಮಗಳೂರಿನ ಒಂದು ರೆಕಾರ್ಡಿಂಗ್ ಅಂಗಡಿಯಲ್ಲಿ ಹೋಗಿ ಕೂತರು. ಅಂಗಡಿಯವನ ಹತ್ತಿರ ಇದ್ದ ಇಂಗ್ಲಿಷ್ ಹಾಡನ್ನೆಲ್ಲ ಹಾಕಿಸಿ ಕೇಳಿ, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಮಾತ್ರ ಒಂದು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದರು. ಒಂದೇ ಕ್ಯಾಸೆಟ್ಟು. ಎರಡನೆಯದು ಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ.

“ಹಾಡು ಮುಗಿದ ಕೂಡ್ಲೆ ಮಾತಾಡೋಕೆ ಬಂತು ಅಂದ್ರೆ ಅದು ಕೇಳಲೇಬೇಕಾದ ಹಾಡಲ್ಲ ಕಣಮ್ಮ” ಅನ್ನುತ್ತಿದ್ದರು. ಅದು ಅವರ ಅಳತೆ.

ಕೊನೆಯ ಕೆಲವು ವರ್ಷ ಸೊಂಟ ಮುರಿದು ಅವರು ಅಡುಗೆಮನೆ ಪಕ್ಕದ ಕೋಣೆಯಲ್ಲೇ ಮಲಗಿದ್ದರು. ಮಧ್ಯಾಹ್ನ ಮೂರಾದರೆ ಟೇಪು ಹಾಕಬೇಕು. ವಸಂತಮ್ಮ ಬಾಗಿಲಲ್ಲಿ ಕೂತು ಕರಿಮೆಣಸು ಆರಿಸುತ್ತಲೋ ಬೆಳ್ಳುಳ್ಳಿ ಸುಲಿಯುತ್ತಲೋ ಕೇಳಬೇಕು. ಹಾಡು ಮುಗಿದು ಸ್ವಲ್ಪ ಹೊತ್ತಾದ ಮೇಲೆ ಮಾವ ಅರ್ಥ ಹೇಳುತ್ತಿದ್ದರು. ಒಂದು, ಕುದುರೆ ಮಾರಿಬಿಟ್ಟ ಮುದುಕ ಸಂಜೆಯಾದರೆ ಖಾಲಿ ಲಾಯದ ಬಾಗಿಲು ತೆಗೆದು ನಿಲ್ಲುವ ಹಾಡು. ಇನ್ನೊಂದು, ಗಂಡ ಬಿಟ್ಟುಹೋದ ಹೆಂಗಸು ಬೆಳಿಗ್ಗೆ ಎರಡು ಕಪ್ಪಿಗೆ ಕಾಫಿ ಬಗ್ಗಿಸಿ ಎರಡನ್ನೂ ತಾನೇ ಕುಡಿಯುವ ಹಾಡು. ಮನೆಯಲ್ಲಿ ಉಳಿದವರೆಲ್ಲ ಅವಳೊಡನೆ ಆಡುತ್ತಿದ್ದುದು ಅನ್ನ, ಸಾರು, ಹಾಲು, ಆಳುಗಳ ಮಾತು. ಮಾವ ಒಬ್ಬರು “ನಿಂಗೆ ಎಂತ ಅನ್ನಿಸ್ತು?” ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೋಸ್ಕರ ಅವಳು ಇಡೀ ದಿನ ಮೂರು ಗಂಟೆಯನ್ನು ಕಾಯುತ್ತಿದ್ದಳು.

ಟೇಪು ಮತ್ತೆ ಕೆಳಗಿಳಿದದ್ದು ತೊಂಬತ್ತೆಂಟನೆಯ ಇಸವಿಯ ಆಗಸ್ಟಿನಲ್ಲಿ. ತಿಂಗಳು ಮುಗಿಯುವುದರೊಳಗೆ ಮಾತು ತೋಟದ ಬೇಲಿ ದಾಟಿತು. ಆಲ್ದೂರಿನ ಕ್ಷೌರದಂಗಡಿಯಲ್ಲಿ ಯಾರೋ “ನಿಮ್ಮನೆಗೆ ಹೊಸ ದೊರೆಸಾನಿ ಬಂದಿದಾಳಂತಲ್ಲ” ಎಂದು ರಂಗನಾಥನನ್ನು ಕೇಳಿದರು. ಮುಖದ ತುಂಬ ನೊರೆ ಇಟ್ಟುಕೊಂಡವನು ತಿರುಗಿ ಏನು ಹೇಳುವುದು ಸಾಧ್ಯ? ಅವನು ಅದನ್ನು ನುಂಗಿಕೊಂಡು ಮನೆಗೆ ತಂದ. ಮಧ್ಯಾಹ್ನ ಕಳಲೆ ಪಲ್ಯದ ಜೊತೆ ಅಕ್ಕಿರೊಟ್ಟಿ ಮುರಿಯುತ್ತ ಹೇಳಿದ:

“ಕುಮಾರಂಗೆ ಹೇಳಿದೀನಿ. ಪಿತೃಪಕ್ಷದ ಎಡೆಗೆ ಬರ್ತಾನಲ್ಲ, ಹೋಗುವಾಗ ಟೇಪು ತಗೊಂಡು ಹೋಗ್ತಾನೆ. ಅವನ ಮಕ್ಳಿಗೆ ಬೇಕಂತೆ.”

ಕುಮಾರ ಅವನ ತಮ್ಮ, ಚಿಕ್ಕಮಗಳೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ವಸಂತಮ್ಮ ಕಾವಲಿಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕುವುದನ್ನೇ ಮರೆತಳು.

“ನನ್ನ ಕೇಳಿದ್ರಾ?”

“ನಮ್ಮಪ್ಪನ ಟೇಪಿಗೆ ನಿನ್ನ ಕೇಳ್ಬೇಕಾ?”

“ನಿಮ್ಮಪ್ಪ ಅದನ್ನ ಕೇಳೋವಾಗ ನೀವೆಲ್ಲಿದ್ರಿ?”

“ತೋಟದಲ್ಲಿದ್ದೆ. ನೀನು ತಿನ್ನೋ ಅನ್ನ ಅಲ್ಲಿಂದ ಬರುತ್ತೆ.”

“ಅದನ್ನ ಬೇಯಿಸೋದು ಇಲ್ಲಿ.”

“ಎಂಥ ಸಾವು ಮಾರಾಯ್ತಿ ನಿಂದು! ಒಂದು ಮಾತು ಕೆಳಗೆ ಬೀಳೋಕೆ ಬಿಡಲ್ಲ. ಊರವರ ಹತ್ರ ನಗಿಸ್ಕೊಳ್ಳೋನು ನಾನು.”

“ನಗೋರು ಬಂದು ಒಂದಿನ ಕೂತು ಕೇಳ್ಲಿ. ಆಮೇಲೆ ನಗ್ಲಿ.”

ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ರಂಗಮ್ಮ ತಲೆ ಎತ್ತದೆ ಅಂದರು: “ಕೊಟ್ಟುಬಿಡೆ ಅತ್ಲಾಗೆ. ಪೀಡೆ ಹೋಗ್ಲಿ. ಇಷ್ಟು ವರ್ಷ ಕೇಳಿ ಕೇಳಿ ನಂಗೆ ಸಾಕಾಗಿದೆ.” ಕುಟ್ಟಾಣಿಯ ಏಟು ಎಂದಿಗಿಂತ ಜೋರಾಗಿತ್ತು. ಸುಟ್ಟ ರೊಟ್ಟಿಯನ್ನು ವಸಂತಮ್ಮ ತನ್ನ ತಟ್ಟೆಗೆ ಹಾಕಿಕೊಂಡಳು.

ಮಾರನೆಯ ದಿನ ಊಟ ಮುಗಿಸಿ ಹೊರಟ ರಂಗನಾಥ ಜಗಲಿಯ ಮೀಟರ್ ಬೋರ್ಡಿನಿಂದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಹೋದ. ಆಮೇಲೆ ದಿನಾ ಅದೇ ಆಯಿತು. ಸಿಟ್ಟು ಬಂದ ಗಂಡಸರಿಗೆ ಇಂಥ ಸಣ್ಣ ದಾರಿಗಳು ಬಹಳ ಬೇಗ ಹೊಳೆಯುತ್ತವೆ. ಅವನು ಕೆಟ್ಟವನೇನೂ ಅಲ್ಲ. ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಸುವ ಕೆಲಸ ಅರ್ಧಕ್ಕೆ ನಿಂತಿತ್ತು, ಆಳುಗಳು ಸಿಗುತ್ತಿರಲಿಲ್ಲ, ಅಪ್ಪ ಬದುಕಿದ್ದಾಗ ಅವನೊಡನೆ ತೋಟದ ಲೆಕ್ಕ ಬಿಟ್ಟು ಬೇರೆ ಮಾತಾಡಿದ್ದೂ ಇಲ್ಲ. ಅವೆಲ್ಲದರ ಕೋಪ ಆ ಟೇಪಿನ ಮೇಲೆ ಹೋಗಿ ಕೂತಿತ್ತು.

ಮಗಳು ಕವನಾ ದಿನವೂ ಬಸ್ಸಿನಲ್ಲಿ ಚಿಕ್ಕಮಗಳೂರಿನ ಕಾಲೇಜಿಗೆ ಹೋಗಿ ಬರುವವಳು. ಸಂಗತಿ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ.

“ಅಪ್ಪ ಫ್ಯೂಸು ಜೇಬಲ್ಲಿಟ್ಕೊಂಡು ತಿರುಗ್ತಾರಾ? ಅಲ್ಲಮ್ಮ, ಇಷ್ಟು ಜಗಳ ಆಡೋಕೆ ಒಳ್ಳೇ ಹಾಡಾದ್ರೂ ಆಗಿದ್ರೆ. ಅಜ್ಜಂದೆಲ್ಲ ಬರೀ ಅಳುಮುಂಜಿ ಹಾಡು. ಈಗ ಯಾರೂ ಕೇಳಲ್ಲ ಅದನ್ನ.”

“ನೀನು ಕೂತು ಒಂದನ್ನಾದ್ರೂ ಪೂರ್ತಿ ಕೇಳಿದೀಯ?”

“ಇಲ್ಲ.”

“ಮತ್ತೆ ಬಾಯಿ ಮುಚ್ಕೊಂಡು ಚಪ್ಪರದವರೆ ಸೋಸು.”

ಒಂದು ಭಾನುವಾರ ರಂಗನಾಥ ಬೆಳೆಗಾರರ ಮೀಟಿಂಗಿಗೆ ಹೊರಟ ಗಡಿಬಿಡಿಯಲ್ಲಿ ಫ್ಯೂಸು ಮರೆತ. ತಾಯಿ ಮಗಳು ಇಬ್ಬರೇ ಅಡುಗೆಮನೆಯಲ್ಲಿ. ವಸಂತಮ್ಮ ಎರಡು ಕಪ್ಪಿನ ಹಾಡು ಹಾಕಿದಳು. ಹಾಡಿನ ಹೆಂಗಸು ಕೂಗುವುದಿಲ್ಲ, ಬಿಕ್ಕುವುದಿಲ್ಲ, ಮನೆಗೆಲಸದ ನಡುವೆ ಯಾರಿಗೋ ಹೇಳಿದಂತೆ ಹೇಳುತ್ತಾಳೆ. ಕೊನೆಯ ಸಾಲಿನಲ್ಲಿ ಮಾತ್ರ ದನಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಹಾಡು ಮುಗಿಯಿತು. ಕವನಾ ತಲೆ ತಗ್ಗಿಸಿ ಅವರೆಕಾಯಿ ಸೋಸುತ್ತಲೇ ಇದ್ದಳು.

“ಎಂತದೇ, ಮಾತೇ ಇಲ್ಲ?”

“ಸುಮ್ನಿರಮ್ಮ ಸ್ವಲ್ಪ.”

ವಸಂತಮ್ಮನಿಗೆ ಖುಷಿಯಾಯಿತು. ಮಾವ ಇದ್ದಿದ್ದರೆ ಕೈ ತಟ್ಟಿಬಿಡುತ್ತಿದ್ದರು. ತಿರುಗಿ ನೋಡಿದರೆ ಹೊಸ್ತಿಲ ಆಚೆ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಇವಳು ನೋಡಿದ್ದೇ ತಡ, ಖಾಲಿ ಕೊಡಪಾನವನ್ನು ದಡಕ್ಕನೆ ಎತ್ತಿಕೊಂಡು ಬಚ್ಚಲಿಗೆ ಹೋದರು.

ಪಿತೃಪಕ್ಷ ಹತ್ತಿರ ಬಂತು. ಮಾವನಿಗೆ ಇದು ಮೊದಲ ಎಡೆ. ಬೆಳಗಿನ ತಿಂಡಿಗೆ ಕೂತಾಗ ರಂಗನಾಥ ಏನೇನು ಇಡಬೇಕೆಂದು ಹೇಳತೊಡಗಿದ. ಕೋಳಿ ಸಾರು, ಕಡುಬು, ಹಂದಿ ಹುರಿದದ್ದು, ಪಾಯಸ, ಬ್ರಾಂದಿ, ಸಿಗರೇಟು.

“ಮಾವ ಬ್ರಾಂದಿ ಕುಡಿದಿದ್ದನ್ನ ನೀವು ನೋಡಿದೀರಾ?” ಎಂದಳು ವಸಂತಮ್ಮ.

“ಎಲ್ರೂ ಇಡ್ತಾರೆ. ಇಡ್ಬೇಕು.”

“ಎಲ್ರೂ ಇಡೋದನ್ನ ಅಲ್ಲ ಇಡೋದು. ಹೋದೋರಿಗೆ ಏನು ಇಷ್ಟ ಇತ್ತೋ ಅದನ್ನ. ಹಂಗಾದ್ರೆ ಟೇಪನ್ನೂ ಇಡಣ.”

ರಂಗನಾಥನ ಕೈಯಲ್ಲಿದ್ದ ಲೋಟ ಅರ್ಧದಲ್ಲಿ ನಿಂತಿತು. “ಹಿರಿಯರ ಎಡೆ ಮುಂದೆ ಇಂಗ್ಲಿಷ್ ಹಾಡಾ? ನೆಂಟ್ರು ಬಂದಿರ್ತಾರೆ! ನನ್ನ ಮರ್ಯಾದೆ ಕಳೀಬೇಕು ಅಂತ್ಲೇ ಪಣ ತೊಟ್ಟಿದೀಯ ನೀನು.”

“ನಿಮ್ಮ ಮರ್ಯಾದೆ ಮಾತಲ್ಲ ಇದು. ಮಾವನ ಊಟದ ಮಾತು.”

“ಹಾಕಿ ನೋಡು. ಒದ್ದು ಆಚೆ ಎಸೀತೀನಿ.”

“ಎಸೀರಿ. ನೋಡಣ.”

ಅತ್ತೆ ಏನಾದರೂ ಅನ್ನುತ್ತಾರೆಂದು ವಸಂತಮ್ಮ ಕಾದಳು. ಅವರು ಎಲೆಅಡಿಕೆಯ ಚೀಲ ಬಿಚ್ಚಿಕೊಂಡು ಕೂತರು. ಅವತ್ತು ಸಂಜೆ ಕವನಾ ಬಸ್ಸಿಳಿದು ಬಂದವಳು ಬ್ಯಾಗಿನಿಂದ ದಪ್ಪ ಸೆಲ್ಲುಗಳ ಪೊಟ್ಟಣ ತೆಗೆದು ತಾಯಿಯ ಮಡಿಲಿಗೆ ಹಾಕಿದಳು.

ಮಹಾಲಯ ಅಮಾವಾಸ್ಯೆಯ ದಿನ ಬೆಳಗ್ಗೆಯಿಂದ ಒಲೆ ಆರಲಿಲ್ಲ. ಕುಮಾರ, ಅವನ ಹೆಂಡತಿ ಮಕ್ಕಳು, ನಾಲ್ಕಾರು ಮನೆಯ ನೆಂಟರು ಬಂದರು. ಸಂಜೆ ನಡುಮನೆಯಲ್ಲಿ ಬೊಮ್ಮಯ್ಯನವರ ಫೋಟೋ ಇಟ್ಟು, ಮುಂದೆ ಬಾಳೆಎಲೆ ಹಾಸಿ, ಮಾಡಿದ್ದನ್ನೆಲ್ಲ ಬಡಿಸಿ, ಧೂಪ ಹಾಕಿದರು. ಎಲ್ಲರೂ ಕೈಮುಗಿದು ಹೊರಗೆ ಬಂದು ಬಾಗಿಲು ಮುಚ್ಚುವುದು ಪದ್ಧತಿ. ಅದು ಹಿರಿಯರು ಬಂದು ಉಣ್ಣುವ ಹೊತ್ತು. ಆಗ ಒಳಗೆ ಇಣುಕಬಾರದು, ಬಾಗಿಲು ಮುಟ್ಟಬಾರದು. ನಡುವೆ ತೆಗೆದರೆ ಹಿರಿಯರು ಅರ್ಧ ಊಟದಲ್ಲಿ ಎದ್ದು ಹೋಗುತ್ತಾರೆ, ಮನೆಗೆ ಒಳಿತಾಗುವುದಿಲ್ಲ. ರಂಗನಾಥ ಇದನ್ನು ಬೇರೆ ಎಲ್ಲಕ್ಕಿಂತ ಬಲವಾಗಿ ನಂಬಿದವನು. ಹಿಂದೊಮ್ಮೆ ತಿಳಿಯದೆ ಬಾಗಿಲು ದೂಡಿದ ತಮ್ಮನ ಮಗನ ಕೆನ್ನೆಗೆ ಬಾರಿಸಿದ್ದ.

ಎಲೆಯ ಸುತ್ತ ನೀರು ಬಿಟ್ಟು ಕೊನೆಗೆ ಹೊರಬರಬೇಕಾದವಳು ಮನೆಯ ಸೊಸೆ. ವಸಂತಮ್ಮ ನೀರು ಬಿಟ್ಟಳು. ಫೋಟೋದ ಹಿಂದೆ, ಹಿರಿಯರಿಗೆಂದು ತಂದ ಹೊಸ ಪಂಚೆಯ ಮರೆಯಲ್ಲಿ ಬೆಳಿಗ್ಗೆಯೇ ಇಟ್ಟಿದ್ದ ಟೇಪಿನ ಗುಂಡಿ ಒತ್ತಿದಳು. ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಮೊದಲು ಗಿಟಾರು ಬಂತು.

“ಏಯ್!” ರಂಗನಾಥ ನುಗ್ಗಿ ಬಂದು ಬಾಗಿಲ ಕಡೆ ಕೈ ಚಾಚಿದ.

“ಅಣ್ಣಾ, ಬಾಗಿಲು ಮುಟ್ಬೇಡ!” ಕುಮಾರನ ಬಾಯಿಂದ ಮಾತು ತಾನಾಗಿ ಬಂದುಬಿಟ್ಟಿತ್ತು.

ಕೈ ಗಾಳಿಯಲ್ಲೇ ನಿಂತಿತು. ರಂಗನಾಥ ಬಾಗಿಲನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ನೆಟ್ಟಗೆ ಮೀಟರ್ ಬೋರ್ಡಿನ ಹತ್ತಿರ ಹೋಗಿ ಫ್ಯೂಸು ಕಿತ್ತ. ಜಗಲಿಯ ದೀಪ ಆರಿತು. ಹಾಡು ಆರಲಿಲ್ಲ.

“ಕರೆಂಟಲ್ಲ ಅಪ್ಪಾ. ಸೆಲ್ಲು” ಎಂದಳು ಕವನಾ, ಮುಖವನ್ನು ದಾಸವಾಳದ ಗಿಡದ ಕಡೆ ತಿರುಗಿಸಿಕೊಂಡು.

ನೆಂಟರಲ್ಲಿ ಯಾರೋ ಕಿಸಕ್ಕೆಂದರು. ರಂಗನಾಥ ಹಲ್ಲು ಕಚ್ಚಿ ಹೇಳಿದ: “ಎಷ್ಟು ಹೊತ್ತು ಇದು?”

“ಒಂದು ಮಗ್ಗುಲು ಪೂರ್ತಿ” ಎಂದಳು ವಸಂತಮ್ಮ. “ಮಾವ ಉಣ್ಣೋದು ನಿಧಾನ. ನಿಮಗೇ ಗೊತ್ತಲ್ಲ.”

ಬೇರೆ ದಾರಿ ಇರಲಿಲ್ಲ. ಅಷ್ಟೂ ಜನ ಜಗಲಿಯ ಮೇಲೆ, ಅಂಗಳದಲ್ಲಿ ನಿಂತು ಕೇಳಬೇಕಾಯಿತು. ಮೊದಲ ಹಾಡಿಗೆ ಪಿಸುಮಾತು, ನಗು ಇತ್ತು. ಎರಡನೆಯದರ ಹೊತ್ತಿಗೆ ಮಕ್ಕಳು ಮೆಟ್ಟಿಲ ಮೇಲೆ ಕೂತವು. ಮೂರನೆಯದು ಎರಡು ಕಪ್ಪಿನ ಹಾಡು. ಆ ಹೆಂಗಸಿನ ದನಿ ಮುಚ್ಚಿದ ಬಾಗಿಲ ಸಂದಿಯಿಂದ ಬರುತ್ತಿದ್ದರೆ ಸಂಬಂಧಿಕರೊಬ್ಬರು ಕಡ್ಡಿ ಗೀರಲು ಹೋದವರು ಬೀಡಿಯನ್ನು ಹಾಗೇ ಕಿವಿಗೆ ಸಿಕ್ಕಿಸಿಕೊಂಡರು.

ಜಗಲಿಯ ಅಂಚಿನಲ್ಲಿ ಕೂತಿದ್ದ ರಂಗಮ್ಮ ಕರೆದರು. “ವಸಂತಾ.”

“ಎಂತ ಅತ್ತೆ?”

“ಆ ಹೆಂಗಸು ಎಂತ ಹೇಳ್ತಿದಾಳೆ?”

ವಸಂತಮ್ಮ ಹತ್ತಿರ ಹೋಗಿ ಕೂತು ಹೇಳಿದಳು. ಗಂಡ ಹೋಗಿ ಎಷ್ಟೋ ಕಾಲವಾಗಿದೆ. ಬೆಳಿಗ್ಗೆ ಎದ್ದು ಕಾಫಿ ಮಾಡುತ್ತಾಳೆ. ಕೈ ತಾನಾಗಿ ಎರಡು ಕಪ್ಪಿಗೆ ಬಗ್ಗಿಸಿಬಿಡುತ್ತದೆ. ಚೆಲ್ಲೋಕೆ ಮನಸ್ಸಿಲ್ಲ, ಎರಡನ್ನೂ ಕುಡೀತಾಳೆ.

“ಅವನು ಬರಲ್ವಾ?”

“ಬರಲ್ಲ.”

“ಅವಳಿಗೆ ಗೊತ್ತಾ ಅದು?”

“ಗೊತ್ತು.”

ರಂಗಮ್ಮ ಮೂಗು ಏರಿಸಿ ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದರು: “ಇಷ್ಟೇನಾ? ಇದನ್ನ ಹೇಳೋಕೆ ನಂಗೆ ಇಂಗ್ಲಿಷ್ ಬರ್ಬೇಕಿತ್ತಾ? ನಿನ್ನ ಕೂರಿಸ್ಕೊಂಡು ದಿನಾ ಹೇಳಿದ್ರು. ನಾನೂ ಅಲ್ಲೇ ಹಿತ್ತಿಲ ಬಾಗ್ಲಲ್ಲಿ ಸೊಪ್ಪು ಬಿಡಿಸ್ತಾ ಇದ್ದೆ. ಒಂದಿನಾನೂ ಕರೀಲಿಲ್ಲ, ಬಾ ನೀನೂ ಕೇಳು ಅನ್ಲಿಲ್ಲ.”

ಅತ್ತೆ ಬೈಯುತ್ತಿದ್ದುದು ಹಾಡನ್ನಲ್ಲ ಎಂದು ವಸಂತಮ್ಮನಿಗೆ ಆಗ ತಿಳಿಯಿತು. ಬಾಗಿಲ ಒಳಗೆ ಉಣ್ಣುತ್ತಿದ್ದ ಮಾವನ ಮೇಲೆ ಅವಳಿಗೆ ಮೊದಲ ಸಲ ಸಿಟ್ಟು ಬಂತು. ಮುಂದಿನ ಹಾಡು ಶುರುವಾಗುತ್ತಿದ್ದ ಹಾಗೆ ಯಾರೂ ಕೇಳದಿದ್ದರೂ ಅವಳು ಅರ್ಥ ಹೇಳತೊಡಗಿದಳು, ಗಟ್ಟಿಯಾಗಿ, ಅತ್ತೆಗೆ ಮಾತ್ರವಲ್ಲ, ಅಂಗಳದ ಕೊನೆಯವರಿಗೂ ಕೇಳುವಂತೆ. ತಿಳಿಯದ ಕಡೆ “ಇಲ್ಲಿ ನಂಗೆ ಗೊತ್ತಾಗಲ್ಲ” ಎಂದು ಹೇಳಿ ಮುಂದೆ ಹೋದಳು. ಕುಮಾರನ ಹೆಂಡತಿ ಕುದುರೆಯ ಹಾಡಿಗೆ ಕಣ್ಣೊರೆಸಿಕೊಂಡಳು.

ಟೇಪು ಟಕ್ ಎಂದು ನಿಂತಿತು. ಅಷ್ಟು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ. ರಂಗನಾಥನೂ ಮಾತಾಡಲಿಲ್ಲ. ಕೊನೆಗೆ ಅವನೇ ಕೆಮ್ಮಿ, ಬಾಗಿಲು ತಟ್ಟಿ, ತೆಗೆದ.

ಊಟವೆಲ್ಲ ಮುಗಿದು ಹೊರಡುವ ಹೊತ್ತಿಗೆ ಅವನಿಗೆ ದನಿ ಮರಳಿತ್ತು. “ಕುಮಾರ, ಟೇಪು ಎತ್ಕೊ” ಎಂದ.

ಕುಮಾರ ಹಿಡಿಕೆಗೆ ಕೈ ಹಾಕಿದ. ವಸಂತಮ್ಮ ಎಂಜಲೆಲೆ ಎತ್ತುತ್ತಿದ್ದವಳು ಕೈ ತೊಳೆದುಕೊಂಡು ಬಂದು ಅದೇ ಹಿಡಿಕೆಯನ್ನು ಹಿಡಿದಳು.

“ಅದನ್ನ ಅಲ್ಲೇ ಇಡು ಕುಮಾರ.”

“ಅಣ್ಣ ಕೊಡ್ತೀನಿ ಅಂದಿದಾನಲ್ಲ ಅತ್ತಿಗೆ.”

“ಅಣ್ಣ ಅಂದಿದಾರೆ. ನಾನು ಅಂದಿಲ್ಲ.”

“ವಸಂತಾ, ಬಿಡು. ಇಷ್ಟು ಜನರ ಮುಂದೆ ಹೇಳ್ತಿದೀನಿ” ಎಂದ ರಂಗನಾಥ.

“ನಾನೂ ಇಷ್ಟು ಜನರ ಮುಂದೇನೇ ಹೇಳ್ತಿದೀನಿ. ಈ ಮನೆಗೆ ಬಂದ ಮೇಲೆ ನಂಗೆ ಇದು ಬೇಕು ಅಂತ ಒಂದನ್ನಾದ್ರೂ ಕೇಳಿದೀನಾ? ಸೀರೆ ಕೇಳಿದೀನಾ, ಬಳೆ ಕೇಳಿದೀನಾ? ಇದೊಂದು ಕೇಳ್ತಿದೀನಿ.” ಅವಳು ಉಸಿರು ಎಳೆದುಕೊಂಡಳು. “ಕೇಳ್ತಿಲ್ಲ. ಇಟ್ಕೊಳ್ತಿದೀನಿ.”

ಕುಮಾರ ಅಣ್ಣನ ಮುಖ ನೋಡಿದ, ಅಮ್ಮನ ಮುಖ ನೋಡಿದ. ರಂಗಮ್ಮ ಅವನನ್ನೇ ನೆಟ್ಟ ನೋಟದಲ್ಲಿ ನೋಡುತ್ತಿದ್ದರು. ಅವನು ಹಿಡಿಕೆ ಬಿಟ್ಟು, “ಮಕ್ಳಿಗೆ ಹೊಸದೇ ಕೊಡಿಸ್ತೀನಿ ಬಿಡಣ್ಣ” ಎಂದು ಜೀಪಿನ ಕಡೆ ನಡೆದ.

ಮಾರನೆಯ ದಿನ ರಂಗನಾಥ ಮಧ್ಯಾಹ್ನದ ಊಟಕ್ಕೆ ಬಂದಾಗ ಅಡುಗೆಮನೆಯಲ್ಲಿ ಹಾಡು ನಡೆಯುತ್ತಿತ್ತು. ಮೂರು ಗಂಟೆಯವರೆಗೆ ಕಾಯುವ ಗೋಜಿಗೆ ಹೆಂಡತಿ ಹೋಗಿರಲಿಲ್ಲ. ರಂಗಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು, ಪಕ್ಕದಲ್ಲಿ ವಸಂತಮ್ಮ. ಇಬ್ಬರ ಕೈಯಲ್ಲೂ ಕೆಲಸವಿರಲಿಲ್ಲ. ರಂಗನಾಥ ಕೈಕಾಲು ತೊಳೆದು ಬಂದು ನಿಂತ.

“ಊಟ.”

“ಹಾಡು ಮುಗೀಲಿ” ಎಂದಳು ವಸಂತಮ್ಮ.

“ನಾನು ಹಸ್ಕೊಂಡು ಕಾಯ್ಬೇಕಾ?”

“ನಿನ್ನೆ ಸತ್ತೋರು ಉಣ್ಣೋ ತನಕ ಬಾಗ್ಲ ಹೊರಗೆ ಕಾದ್ರಲ್ಲ. ಇವತ್ತು ಬದುಕಿರೋರು ಕೇಳೋ ತನಕ ಕಾಯಿರಿ.”

ರಂಗನಾಥ ಅಮ್ಮನ ಕಡೆ ತಿರುಗಿದ. ಅವರು ಇವನತ್ತ ನೋಡಲೇ ಇಲ್ಲ, ಸುಮ್ಮನಿರು ಎಂಬಂತೆ ಒಂದು ಕೈ ಎತ್ತಿದರು. ಅವನು ಮಣೆ ಎಳೆದುಕೊಂಡು ಖಾಲಿ ತಟ್ಟೆಯ ಮುಂದೆ ಕೂತ. ಹಾಡು ಇನ್ನೂ ಅರ್ಧ ಬಾಕಿ ಇತ್ತು.